ಜೀಪಿನ ಹುಡ್ಡಿಗೆ ಕುಡಿಸದ ಇಪ್ಪತ್ತು ಕೊಡ ನೀರು

ನಾನು ಓದಿದ್ದು ನಾಲ್ಕನೇ ಕ್ಲಾಸು. ಮನೆ ಮಾತು ಉರ್ದುವಾದರೂ ಹತ್ತಿರವಿದ್ದದ್ದು ಕನ್ನಡ ಶಾಲೆ, ಹಾಗಾಗಿ ಬರೆಯಲು ಬರುವುದು ಕನ್ನಡವೊಂದೇ. ಇಷ್ಟು ವಯಸ್ಸಾದ ಮೇಲೆ ಪೆನ್ನು ಹಿಡಿದು ಕೂತಿದ್ದೇನೆ ಅಂದರೆ ಖುಷಿ ತಡೆಯಲಾಗದೆ ಕೂತಿದ್ದೇನೆ. ನನ್ನ ಮೊಮ್ಮಗಳು ರುಖ್ಸಾನ ನಮ್ಮ ಕಸುಬಿಗೇ ಬಂದುಬಿಟ್ಟಳು! ನನ್ನ ಮಗ ಕೈ ತೊಳೆದುಕೊಂಡು ಬಿಟ್ಟ ಕಸುಬು, ಸೂಜಿ ದಾರ ಕ್ಯಾನ್ವಾಸಿನ ಕಸುಬು. ಶಿರಾ ಪೇಟೆಯ ಹೊರಗೆ, ದೊಡ್ಡ ರಸ್ತೆಯ ಪಕ್ಕ, ತಗಡಿನ ಶೆಡ್ಡು ಹಾಕಿ 'ಕುಶನ್ ಮತ್ತು ಹುಡ್ ಕೆಲಸ' ಅಂತ ಬೋರ್ಡು ಬರೆಸಿದ್ದಾಳೆ. ಆ ಬೋರ್ಡನ್ನು ನಾನು ದಿನಕ್ಕೊಂದು ಸಲ ಓದಿ ಬರುತ್ತೇನೆ. ಅಕ್ಷರ ಅಳಿಸಿ ಹೋಗುವುದಿಲ್ಲ ಅಂತ ಗೊತ್ತು, ಆದರೂ ಓದುತ್ತೇನೆ.

ಅವಳಿಗೆ ಬಂದ ಮೊದಲ ಕೆಲಸವೇ ಒಂದು ಹಳೇ ದೊಡ್ಡ ಜೀಪು. "ದಾದಿ, ಹಳೇ ಗಾಡೀನ ಹೊಸದು ಮಾಡಿಸಿ, ಹೆಂಡತಿ ಮಕ್ಕಳ ಸಮೇತ ಕಾಡಲ್ಲಿ ಮಲಗೋಕೆ ಹೋಗ್ತಾರಂತೆ. ಒಳಗೆ ಹಾಸಿಗೆ, ಪಕ್ಕಕ್ಕೆ ಗುಡಾರ. ಇಂಥದ್ದೆಲ್ಲ ನಿನ್ನ ಕಾಲದಲ್ಲಿ ಎಲ್ಲಿತ್ತು!" ಅಂದಳು. ನಾನು ಹಲ್ಲಿನ ಸೆಟ್ಟು ಜಾರುವಷ್ಟು ನಕ್ಕೆ. ನಕ್ಕು ಮುಗಿಸಿದ ಮೇಲೆ "ಇತ್ತು" ಅಂದೆ. ಒಂದೇ ಒಂದಿತ್ತು. ಅದನ್ನು ಹೊಲಿದವಳು ನಾನು. ಅದರ ನೆನಪಿನಲ್ಲಿ ಖುಷಿ ಪಡುವಂಥದ್ದು ಬಹಳ ಕಡಿಮೆ.

"ಹಾಗಾದ್ರೆ ಬರೆದುಕೊಡು. ನನ್ನ ಜೊತೆ ಕೆಲಸಕ್ಕೆ ಸೇರಿರೋ ಹೆಣ್ಮಕ್ಕಳೂ ಓದಲಿ" ಅಂದಳು. ಸರಿ, ಹೆಣ್ಮಕ್ಕಳೇ, ಓದಿ.

ನಾನು ಸೊಸೆಯಾಗಿ ಬಂದ ಮನೆಯವರು ಹಿಂದಿನಿಂದ ಕುದುರೆ ಜೀನು ಹೊಲಿಯುವವರು. ನಾನು ಬರುವ ಹೊತ್ತಿಗೆ ಕುದುರೆ ಸವಾರಿ ಮುಗಿದು ಜಟಕಾ ಉಳಿದಿತ್ತು. ಜಟಕಾದ ಹುಡ್ಡು, ಕೂರುವ ಮೆತ್ತೆ, ಇಷ್ಟೇ ಕೆಲಸ. ಮೆತ್ತೆಯ ಒಳಗೆ ಕತ್ತಾಳೆ ನಾರು ತುಂಬುತ್ತಿದ್ದೆವು. ನಾರನ್ನು ಬಡಿದು, ಒಣಗಿಸಿ, ಬೆರಳಿನಿಂದ ಬಿಡಿಸಿ ಬಿಡಿಸಿ ನನ್ನ ಉಗುರಿನ ಸಂದಿಯಲ್ಲಿ ಯಾವಾಗಲೂ ರಕ್ತ. ಹೊಲಿಯುವುದು ದಬ್ಬಳದಲ್ಲಿ, ಜೇನುಮೇಣ ಉಜ್ಜಿದ ದಾರದಲ್ಲಿ. ಹೊಲಿಗೆ ಯಂತ್ರ ಬಂದದ್ದು ಎಷ್ಟೋ ವರ್ಷ ಆದಮೇಲೆ.

ನನಗೆ ಕೆಲಸ ಕಲಿಸಿದವರು ಮಾವ. ಅಬ್ಬಾ ಅಂತ ಕರೆಯುತ್ತಿದ್ದೆ. ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದು. ಕಾಣದಿದ್ದರೂ ಬೈಯುವುದಕ್ಕೆ ಏನೂ ತೊಂದರೆ ಇರಲಿಲ್ಲ. ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿ, "ಇಲ್ಲಿ ಯಾರ ಜೊತೆ ಮಾತಾಡ್ತಿದ್ದೆ ಬೇಟಿ?" ಅನ್ನುವರು. ಸರಿಯಾಗಿ ಅಲ್ಲೇ ನಾನು ಪಕ್ಕದ ಮನೆಯವಳ ಜೊತೆ ಮಾತಾಡಿರುತ್ತಿದ್ದೆ. ಅವರದ್ದು ಒಂದೇ ಕಾನೂನು: "ಬಟ್ಟೆಗೆ ಮೊದಲು ನೀರು ಕುಡಿಸು, ಆಮೇಲೆ ಕತ್ತರಿ ತೋರಿಸು." ಹೊಸ ಕ್ಯಾನ್ವಾಸಿನಲ್ಲಿ ಗಂಜಿ ಇರುತ್ತದೆ. ಅದನ್ನು ದಿನವೆಲ್ಲ ನೆನೆಸಿ, ಹಿಂಡದೆ ನೇತುಹಾಕಿ, ಒಣಗಿದ ಮೇಲೆ ಮತ್ತೆ ನೆನೆಸಬೇಕು. ಹಾಗೆ ಮಾಡದೆ ಹೊಲಿದರೆ ಮೊದಲ ಮಳೆಗೆ ಬಟ್ಟೆ ಕುಗ್ಗುತ್ತದೆ. ಮೊಳಕ್ಕೆ ಒಂದು ಬೆರಳು ಅನ್ನಿ. ಕೇಳಲು ಒಂದೇ ಬೆರಳು. ಹುಡ್ಡಿನ ಉದ್ದಕ್ಕೆ ಲೆಕ್ಕ ಹಾಕಿ ನೋಡಿ.

ಬಸ್ಸು ಬಂದು ಜಟಕಾ ಮೂಲೆ ಸೇರಿತು. ನಮ್ಮ ಯಜಮಾನರು ಗಫೂರ್ ಸಾಬ್ ಮೋಟಾರು ರಿಪೇರಿ ಕಲಿತು ಮನೆಯ ಮುಂದೆಯೇ ಶೆಡ್ಡು ಹಾಕಿದರು. ಮುಂದೆ ಅವರ ಇಂಜಿನ್ನು, ಹಿಂದಿನ ಅಂಗಳದಲ್ಲಿ ನನ್ನ ದಬ್ಬಳ. ಬಸ್ಸಿನ ಸೀಟು ಬರತೊಡಗಿದವು. ಒಮ್ಮೆ ಒಂದು ಬಸ್ಸಿನ ಏಜೆಂಟು ಅವಸರ ಮಾಡಿದ. ಕತ್ತಾಳೆ ನಾರು ಮುಗಿದಿದೆ ಅಂದರೆ, "ಕಡ್ಲೆಕಾಯಿ ಸಿಪ್ಪೆ ತುಂಬ್ರಿ, ಪಾವಗಡದ ಕಡೆ ಗುಡ್ಡೆ ಗುಡ್ಡೆ ಬಿದ್ದದೆ" ಅಂದ. ದೊಡ್ಡವರು ಹೇಳಿದರಲ್ಲ ಅಂತ ತುಂಬಿದೆವು. ಒಂದು ತಿಂಗಳಿಗೆ ಸಿಪ್ಪೆ ಪುಡಿಯಾಗಿ ಸೀಟು ಹಪ್ಪಳದಂತಾಯಿತು, ಕಾಳು ಸಿಕ್ಕೀತೆಂದು ಇಲಿಗಳೂ ಹತ್ತಿದವು. ಮಧುಗಿರಿ ಬಸ್‌ ನಿಲ್ದಾಣದಲ್ಲಿ ಒಬ್ಬ ಅಜ್ಜಿ ಎದ್ದು ನಿಂತು, "ಲೇ ಕಂಡಕ್ಟ್ರೂ, ನನ್ ಸೀಟು ಓಡಾಡ್ತೈತೆ ಕಣ್ಲಾ" ಅಂದಳಂತೆ. ಏಜೆಂಟು ಬಂದು ನಮ್ಮನ್ನೇ ಬೈದ. ಮೇಲಿನವರ ಬುದ್ಧಿವಂತಿಕೆಯ ಫಲ ಕೆಳಗಿನವರಿಗೆ ಅನ್ನುವುದನ್ನು ಅವತ್ತು ಕಲಿತೆ. ಆದರೆ ನಾನು ಹೇಳಹೊರಟ ತಪ್ಪು ಬೇರೆಯವರು ಮಾಡಿಸಿದ್ದಲ್ಲ.

ಐವತ್ತರ ದಶಕದ ನಡುವೆ ಒಂದು ಚಳಿಗಾಲ. ಒಂದು ದಿನ ನಮ್ಮ ಬೀದಿಯಲ್ಲಿ ಎರಡು ಜೊತೆ ಎತ್ತು ಕಟ್ಟಿ ಒಂದು ಜೀಪನ್ನು ಎಳೆದುಕೊಂಡು ಬಂದರು. ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜು ಹಾಕಿದ ಗಾಡಿ. ಯಾರೋ ಸೌದೆ ಕಂಟ್ರಾಕ್ಟರು ಕೊಂಡು ದುಡಿಸಿ, ಕೆಟ್ಟ ಮೇಲೆ ಬುಕ್ಕಾಪಟ್ಟಣದ ಕುರುಚಲು ಕಾಡಿನ ಅಂಚಿಗೆ ತಳ್ಳಿ ನಾಲ್ಕು ವರ್ಷ ಬಿಟ್ಟಿದ್ದ. ನೆಲ ತುಕ್ಕು ತಿಂದು ಜರಡಿಯಾಗಿತ್ತು. ಸೀಟಿನೊಳಗೆ ಇಲಿ ಸಂಸಾರ, ಬಾನೆಟ್ಟಿನ ಒಳಗೆ ಕಣಜದ ಗೂಡು. ಹಿಂದೆ ನಡೆದುಕೊಂಡು ಬಂದವರು ನಂಜುಂಡಪ್ಪನವರು. ವೈ.ಎನ್. ಹೊಸಕೋಟೆಯ ಕಡಲೆಕಾಯಿ ವ್ಯಾಪಾರಿ, ಹಣೆ ತುಂಬ ವಿಭೂತಿ, ಅತ್ತ ಸೀಮೆಯವರಾದ್ದರಿಂದ ಮಾತಿನಲ್ಲಿ ಆಗಾಗ ತೆಲುಗು.

ನಮ್ಮ ಯಜಮಾನರು ಗಾಡಿ ಸುತ್ತಿ ನೋಡಿ, "ಇದನ್ನ ಓಡ್ಸಕ್ಕಿಂತ ಮಣ್ಣು ಮಾಡೋದು ಸುಲಭ ಸೌಕಾರ್ರೇ" ಅಂದರು.

"ಅಂಗನ್ಬೇಡಿ ಸಾಬ್ರೇ. ಇದು ವ್ಯಾಪಾರಕ್ಕಲ್ಲ, ನನ್ನೆಂಡ್ತಿಗೆ" ಅಂದರು ನಂಜುಂಡಪ್ಪ. ಹಿಂದಿನ ಬಾಗಿಲ ಸಂದಿಯಿಂದ ನಾನು ಕೇಳಿಸಿಕೊಂಡೆ.

ಅವರ ಹೆಂಡತಿ ಪಾರ್ವತಮ್ಮನಿಗೆ ಕ್ಷಯ. ಹೊಸ ಇಂಜೆಕ್ಷನ್ನುಗಳು ಬಂದಿದ್ದ ಕಾಲವೇ, ಆದರೆ ಆ ಹೆಂಗಸಿನ ಶ್ವಾಸಕೋಶ ಅದಕ್ಕೂ ಮೊದಲೇ ಸವೆದಿತ್ತು. ಇಬ್ಬರು ಹೆಣ್ಣುಮಕ್ಕಳು: ಎಂಟು ವರ್ಷದ ರತ್ನ, ಐದರ ಗಿರಿಜ. ಒಂದು ವರ್ಷದಿಂದ ಮಕ್ಕಳನ್ನು ತಾಯಿಯ ಕೋಣೆಗೆ ಬಿಟ್ಟಿರಲಿಲ್ಲ. ಹಜಾರದ ಆಚೆ ಅವಳ ಕೆಮ್ಮು, ಈಚೆ ಇವರ ಅಳು. ಮಧುಗಿರಿಯ ಡಾಕ್ಟರು ಹೇಳಿದ್ದು: ಮನೆಯೊಳಗೆ ಮಾತ್ರ ಬೇಡ, ಬೆಟ್ಟದ ಗಾಳಿಯಲ್ಲಿ, ಬಯಲಲ್ಲಿ, ಹತ್ತು ಮೊಳ ದೂರದಲ್ಲಿ ಮಕ್ಕಳು ಕೂರಬಹುದು, ಮಳೆಗಾಲಕ್ಕೆ ಮುಂಚೆ ಕರೆದುಕೊಂಡು ಹೋಗಿ, ಆಮೇಲೆ ನಾನು ಏನೂ ಹೇಳಲಾರೆ. ಕೊರಟಗೆರೆಯ ಹತ್ತಿರ ಸಿದ್ದರಬೆಟ್ಟದ ಬುಡ ಅಂತ ತೀರ್ಮಾನವಾಯಿತು. ಅಷ್ಟು ದೂರ ಬಸ್ಸಿನಲ್ಲಿ ಕ್ಷಯದವರನ್ನು ಹತ್ತಿಸುವುದಿಲ್ಲ, ಎತ್ತಿನ ಗಾಡಿಯ ಕುಲುಕಾಟ ಅವಳು ತಡೆಯುವುದಿಲ್ಲ.

"ಗಾಡಿಯಾಗೇ ಅವ್ಳ ಆಸಿಗೆ ಇರ್ಬೇಕು. ಪಕ್ಕದಾಗೆ ದೊಡ್ಡ ಕಿಟ್ಕಿ, ಮಲ್ಕಂಡೇ ಮಕ್ಳ ಮಕ ಕಾಣಂಗೆ. ಮಕ್ಳಿಗೆ ನನಗೆ ಹೊರಗೆ ಗುಡಾರ. ಎಂಟತ್ತು ದಿವ್ಸ ಸಂಸಾರ ಒಂದು ಕಡೆ ಇರ್ಬೇಕು ಸಾಬ್ರೇ, ಅಷ್ಟೇಯ."

ನಮ್ಮ ಯಜಮಾನರು ಎತ್ತು ಬಿಚ್ಚಲು ಹೇಳಿದರು.

ಅವರ ಪಾಲಿನ ಕೆಲಸ ಮಾರ್ಚಿಯವರೆಗೆ ಹಿಡಿಯಿತು. ಇಂಜಿನ್ನು ಪೂರ್ತಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದರು. ಹಿಂಭಾಗವನ್ನು ಎರಡು ಮೊಳ ಚಾಚಿ ಬೇವಿನ ಹಲಗೆಯ ನೆಲ ಹಾಕಿದರು. ರೋಗಿಗೆ ಕುಲುಕಬಾರದೆಂದು ಹಿಂದಿನ ಸ್ಪ್ರಿಂಗಿನಲ್ಲಿ ಒಂದು ಪಟ್ಟಿ ತೆಗೆದರು, ಗಾಡಿ ತೀರಾ ಕುಸಿಯಿತೆಂದು ಮತ್ತೆ ಹಾಕಿದರು, ಮತ್ತೆ ತೆಗೆದರು. ನಾಲ್ಕು ಕಬ್ಬಿಣದ ಕಮಾನು ಬಗ್ಗಿಸಿದರು. ಅಳತೆ ನನಗೆ ದಾರದಲ್ಲಿ ಬರುತ್ತಿತ್ತು: ಕಮಾನಿನಿಂದ ಕಮಾನಿಗೆ ಒಂದು ಗಂಟು, ಬಾಗಿಲಿಗೆ ಎರಡು ಗಂಟು, ಕಿಟಕಿಗೆ ಮೂರು. ಗಂಡಸರು ನಮಾಜಿಗೆ ಹೋದಾಗ ನಾನೇ ಹೋಗಿ ಗಾಡಿಯ ಮೈ ಮೇಲೆ ಕೈಯಾಡಿಸಿ ಬರುತ್ತಿದ್ದೆ. ಅಳತೆಯನ್ನು ಕೈಯೂ ನೋಡಬೇಕು ಅಂತ ಅಬ್ಬಾ ಹೇಳಿಕೊಟ್ಟಿದ್ದರು.

ಮೊದಲ ಏಟು ಬಿದ್ದದ್ದು ಪರೀಕ್ಷೆಗೆ ಅಂತ ಬಡವನಹಳ್ಳಿಯವರೆಗೆ ಓಡಿಸಿದ ದಿನ. ನಂಜುಂಡಪ್ಪನವರು ಗೊತ್ತು ಮಾಡಿದ್ದ ಡ್ರೈವರು ಸಿದ್ದಪ್ಪ ಚಕ್ರ ಹಿಡಿದಿದ್ದ, ನಮ್ಮವರು ಪಕ್ಕದಲ್ಲಿ. ರೇಡಿಯೇಟರಿನಿಂದ ನೀರು ಹನಿಯುತ್ತಿರುವುದು ಕಂಡಿತು. ನಮ್ಮವರು ನೀರು ತರಲು ಕೊಡ ಹಿಡಿದು ಬಾವಿಗೆ ಹೋದರು. ಸಿದ್ದಪ್ಪ ಒಳ್ಳೆಯವನು, ಅದೇ ತೊಂದರೆ. ರೇಡಿಯೇಟರು ತೂತಾದರೆ ಒಂದು ಚಿಟಿಕೆ ರಾಗಿಹಿಟ್ಟು ಹಾಕಿದರೆ ಅದು ಬೆಂದು ತೂತಿಗೆ ಕಚ್ಚಿಕೊಳ್ಳುತ್ತದೆ ಅಂತ ನಮ್ಮ ಕಡೆ ಡ್ರೈವರುಗಳಲ್ಲಿ ಒಂದು ಮಾತಿತ್ತು, ಸುಳ್ಳೂ ಅಲ್ಲ. ಆದರೆ ಪಾಪ ಆ ತಾಯಿಗೆ ತಡವಾಗುತ್ತಿದೆಯಲ್ಲ, ಚಿಟಿಕೆ ಯಾಕೆ, ಗಟ್ಟಿಯಾಗಿ ಮುಚ್ಚಲಿ ಅಂತ ಅವನು ಹತ್ತಿರದ ಮನೆಯಿಂದ ಒಂದು ಸೇರು ಹಿಟ್ಟು ತಂದು ಸುರಿದಿದ್ದ. ಮೂರು ಮೈಲಿ ಹೋಗುವಷ್ಟರಲ್ಲಿ ಒಳಗೆ ಅಂಬಲಿ ಕುದಿದು, ಅಂಬಲಿ ಮುದ್ದೆಯಾಗಿ, ಮುಚ್ಚಳ ಹಾರಿ ಮರದ ಕೊಂಬೆಗೆ ಬಡಿಯಿತಂತೆ. ಇಂಜಿನ್ನು ಕಾದು ಕಚ್ಚಿ ನಿಂತಿತು.

ಮತ್ತೆ ಎತ್ತು ಕಟ್ಟಿಯೇ ತಂದರು. ನಮ್ಮವರು ಕಡ್ಡಿಯಲ್ಲಿ ರೇಡಿಯೇಟರಿನ ಕೊಳವೆ ಕೆದಕುತ್ತ, "ಒಂದು ಚೂರು ಉಪ್ಪು ಹಾಕಿದ್ದಿದ್ರೆ ನಮಗೆಲ್ಲ ಊಟನಾದ್ರೂ ಆಗ್ತಿತ್ತಲ್ಲ ಸಿದ್ದಪ್ಪ" ಅಂದರು. ಸಿದ್ದಪ್ಪ ಮೂಲೆಯಲ್ಲಿ ಕೂತು ಚಿಕ್ಕ ಮಗುವಿನಂತೆ ಅತ್ತ. ಯಾರೂ ನಗಲಿಲ್ಲ. ಸೇರು ಹಿಟ್ಟಿಗೆ ಐದು ವಾರ ಹೋಯಿತು. ಅಷ್ಟರಲ್ಲಿ ನಂಜುಂಡಪ್ಪನವರು ಎರಡು ಸಲ ಬಂದು ಹೋದರು. ಎರಡನೇ ಸಲ ಅವರು ಗಾಡಿ ಎಲ್ಲಿಗೆ ಬಂತು ಅಂತ ಕೇಳಲೇ ಇಲ್ಲ. "ಕೆಮ್ಮಿನಾಗೆ ರಕ್ತ ಬಿತ್ತು ಸಾಬ್ರೇ" ಅಂದು ಎದ್ದು ಹೋದರು.

ಈಗ ನನ್ನ ಸರದಿಗೆ ಬಂದೆ.

ಕ್ಯಾನ್ವಾಸು ಕೈಗೆ ಬಂದದ್ದು ಮೇ ತಿಂಗಳಲ್ಲಿ. ಆ ವರ್ಷ ಶಿರಾದ ಬಾವಿಗಳ ತಳದಲ್ಲಿ ಕೆಸರು. ನಾನು ಬೆಳಗಾಗುವ ಮುಂಚೆ ಸಾಲಿನಲ್ಲಿ ನಿಂತು ಎರಡು ಕೊಡ ತಂದರೆ ಅದೇ ಆ ದಿನದ ಪುಣ್ಯ. ಅಷ್ಟು ಬಟ್ಟೆ ಒಂದು ಸಲ ನೆನೆಯಲು ಇಪ್ಪತ್ತು ಕೊಡ ನೀರು ಬೇಕು. ನೆನೆಸಿ ಒಣಗಿಸಲು ನಾಲ್ಕು ದಿನ ಬೇಕು. ಗಾಡಿ ಸಿದ್ಧವಾಗಿ ಬರೀ ಕಮಾನು ಹೊತ್ತು ನಿಂತಿತ್ತು. ಮಳೆಗಾಲ ಬರುವ ಮುಂಚೆ ಅಂದಿದ್ದರು ಡಾಕ್ಟರು.

ನಾನು ಬಟ್ಟೆಯನ್ನು ನೋಡಿದೆ, ಕೊಡವನ್ನು ನೋಡಿದೆ. ಮನಸ್ಸು ಎಷ್ಟು ಚೆನ್ನಾಗಿ ವಾದ ಮಾಡುತ್ತದೆ ನೋಡಿ, ಲಾಯರು ಸೋಲಬೇಕು. ಮಳೆಗೆ ಮುಂಚೆ ಹೋಗಿ ಮಳೆಗೆ ಮುಂಚೆ ಬರುವ ಗಾಡಿ. ಇರುವುದೋ ಪಾವಗಡದ ಸೀಮೆ, ಅಲ್ಲಿ ಮೋಡ ಕಂಡರೆ ಜನ ಹೊರಗೆ ಬಂದು ನೋಡುತ್ತಾರೆ. ಈ ಹುಡ್ಡಿಗೆ ನೀರು ಯಾಕೆ ಕುಡಿಸಬೇಕು? ಮಕ್ಕಳು ಬಾಯಾರಿ ಕೂತಿರುವಾಗ ಬಟ್ಟೆಗೆ ಇಪ್ಪತ್ತು ಕೊಡ ಸುರಿದರೆ ಅಲ್ಲಾ ಮೆಚ್ಚುತ್ತಾನಾ?

ಕತ್ತರಿ ಹಾಕಿದೆ.

ಆರು ದಿನ ಹೊಲಿದೆ. ಅಷ್ಟು ಅಂದವಾಗಿ ನಾನು ಹಿಂದೆ ಹೊಲಿದಿರಲಿಲ್ಲ, ಮುಂದೂ ಹೊಲಿಯಲಿಲ್ಲ. ಕಿಟಕಿಗೆ ಸೊಳ್ಳೆ ಪರದೆಯ ಬಲೆ ಇಟ್ಟು ಸುತ್ತ ಎರಡು ಸಾಲು ಹೊಲಿಗೆ, ಮೇಲಿನಿಂದ ಸುತ್ತಿ ಕಟ್ಟುವ ಮುಚ್ಚುಪಟ್ಟಿ. ಹಾಸಿಗೆಯ ಮೆತ್ತೆಗೆ ಕತ್ತಾಳೆ ನಾರನ್ನು ಮೂರು ಸಲ ಬಿಡಿಸಿ ರೇಷ್ಮೆಯಂತೆ ಮಾಡಿದೆ. ಏಳನೇ ದಿನ ಅಬ್ಬಾ ಗೋಡೆ ಹಿಡಿದುಕೊಂಡು ಬಂದು ಹುಡ್ಡಿನ ಮೇಲೆ ಅಂಗೈ ಇಟ್ಟರು.

"ಗಂಜಿ ಇನ್ನೂ ಇದೆಯಲ್ಲ ಬೇಟಿ?"

"ಈ ಬಟ್ಟೆಗೆ ಗಂಜಿ ಜಾಸ್ತಿ ಅಬ್ಬಾ."

"ನೀರು ಕುಡಿಸಿದೆ ತಾನೆ?"

"ಕುಡಿಸಿದೆ."

ಅವರು ಇನ್ನೂ ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಟಿದ್ದರು. ಆಮೇಲೆ, "ಹೊಲಿಗೆ ಚೆನ್ನಾಗಿದೆ" ಅಂದರು. ಆರು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅದೂ ಸುಳ್ಳಿನ ಮೇಲೆ.

ಗಾಡಿಗೆ ನಿಂಬೆಹಣ್ಣು ಕಟ್ಟಿ, ಸಿದ್ದಪ್ಪನಿಗೆ ಬದಲು ನಮ್ಮ ಯಜಮಾನರೇ ಓಡಿಸಿಕೊಂಡು ಹೋದರು. ಹೊಸಕೋಟೆಯಿಂದ ಎಲ್ಲರನ್ನೂ ಹತ್ತಿಸಿಕೊಂಡು ಪಾವಗಡ, ಮಧುಗಿರಿ, ಕೊರಟಗೆರೆ ದಾಟಿ ಸಿದ್ದರಬೆಟ್ಟ. ನಡುವೆ ಮಧುಗಿರಿಯ ಛತ್ರದಲ್ಲಿ ತಂಗಿದ್ದರು. ಎಂಟು ದಿನ ಆದಮೇಲೆ ಬರುತ್ತೇನೆ ಅಂದಿದ್ದ ಗಂಡ ಐದನೇ ದಿನ ಬಸ್ಸಿಳಿದು ಒಬ್ಬರೇ ನಡೆದುಕೊಂಡು ಬಂದರು. ಕಂಕುಳಲ್ಲಿ ಬಟ್ಟೆಯ ಗಂಟು. ಜಗಲಿಯ ಮೇಲೆ ಇಟ್ಟರು. ಅದು ನನ್ನ ಹುಡ್ಡಿನ ಒಂದು ಪಕ್ಕ.

ಅವರು ಹೇಳಿದ್ದು ಇಷ್ಟು. ಬೆಟ್ಟದ ಬುಡ ಸೇರಿದ್ದು ಬೆಳಿಗ್ಗೆ. ಗುಡಾರ ಹಾಕಿ, ಗಾಡಿಯ ಕಿಟಕಿ ಸುತ್ತಿ ಮೇಲೆ ಕಟ್ಟಿದರು. ಪಾರ್ವತಮ್ಮ ಒರಗಿ ಕೂತು, ಒಂದು ವರ್ಷದ ಮೇಲೆ ಮಕ್ಕಳ ಎದುರು ಊಟ ಮಾಡಿದಳು. ಊಟ ಆದಮೇಲೆ ರತ್ನ ಹತ್ತು ಮೊಳದ ಗೆರೆಯ ಮೇಲೆ ನಿಂತು, ತಾನು ಕಲಿತದ್ದೆಲ್ಲ ಅಮ್ಮನಿಗೆ ಒಪ್ಪಿಸತೊಡಗಿದಳು. ಹನ್ನೆರಡರ ಮಗ್ಗಿ. ಏಳಕ್ಕೆ ಬರುವಷ್ಟರಲ್ಲಿ ಬೆಟ್ಟದ ಹಿಂದಿನಿಂದ ಮೋಡ ಬಂದು ಕವುಚಿತು. ಮಳೆಗಾಲವಲ್ಲ ಅದು, ಬೇಸಿಗೆಯ ಅಡ್ಡಮಳೆ. ಕಿಟಕಿಯ ಮುಚ್ಚುಪಟ್ಟಿ ಇಳಿಸಿದರು. ಬಟ್ಟೆ ನೆನೆಯಿತು, ಬಿಗಿಯಿತು. ಕಮಾನುಗಳು ಒಂದರ ಕಡೆಗೊಂದು ಬಾಗಿದವು. ಹುಡ್ಡನ್ನು ಗಾಡಿಗೆ ಬಿಗಿದಿದ್ದ ಹಿತ್ತಾಳೆ ರಿಂಗುಗಳು ಪಟಪಟನೆ ಕಿತ್ತು ಬಂದವು. ಆಮೇಲೆ ಕಿಟಕಿಯ ಹೊಲಿಗೆ, ನನ್ನ ಆ ಎರಡು ಸಾಲು ಹೊಲಿಗೆ, ಈ ತುದಿಯಿಂದ ಆ ತುದಿಗೆ ಹರಿಯಿತು. ಹರಿದ ಬಾಯಲ್ಲಿ ಮಳೆ ಸೀದಾ ಹಾಸಿಗೆಯ ಮೇಲೆ. ಗಂಡಸರಿಬ್ಬರೂ ಕಂಬಳಿ ಹಿಡಿದು ನಿಂತರೂ ತಡೆಯಲಾಗಲಿಲ್ಲ. ಊರಿನ ಶಾಲೆಯ ಜಗಲಿ ಸೇರಿಸುವ ಹೊತ್ತಿಗೆ ಆ ಹೆಂಗಸು ಪೂರ್ತಿ ನೆನೆದು ನಡುಗುತ್ತಿದ್ದಳು. ಮಾರನೇ ದಿನ ಜ್ವರ. ವಾಪಸ್ಸು ಹೊಸಕೋಟೆಗೆ.

"ನಂಜುಂಡಪ್ಪನವರಿಗೆ, ಕಮಾನು ಸರಿಯಾಗಿ ಬಗ್ಗಿಸದೇ ಇದ್ದದ್ದು ನನ್ನದೇ ತಪ್ಪು ಅಂತ ಹೇಳಿ ಬಂದೆ" ಅಂದರು ನಮ್ಮವರು.

ಅಬ್ಬಾ ತಡಕಾಡಿ ಬಟ್ಟೆ ಎತ್ತಿಕೊಂಡರು. ಬೆರಳ ನಡುವೆ ಉಜ್ಜಿದರು.

"ಈಗ ಗಂಜಿ ಹೋಗಿದೆ" ಅಂದರು.

ಅಷ್ಟೇ. ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಗಂಡ ನನ್ನ ಮುಖ ನೋಡಿದರು, ಅರ್ಥವಾಯಿತು, ಎದ್ದು ಶೆಡ್ಡಿಗೆ ಹೋದರು. ನಾನು ಮೂರು ದಿನ ದಬ್ಬಳ ಮುಟ್ಟಲಿಲ್ಲ. ಇನ್ನು ಮುಟ್ಟುವುದೂ ಬೇಡ, ರೊಟ್ಟಿ ತಟ್ಟಿಕೊಂಡು ಬಿದ್ದಿರುತ್ತೇನೆ ಅಂದುಕೊಂಡೆ. ನಾಲ್ಕನೇ ದಿನ ಅಬ್ಬಾ ಕರೆದು, "ಹೊಲಿದವಳೇ ಬಿಚ್ಚಿ ಮತ್ತೆ ಹೊಲಿಯಬೇಕು ಬೇಟಿ. ನೀನೇ ಹೋಗು" ಅಂದರು. ನಮ್ಮ ಮನೆಯ ಹೆಂಗಸು ಕೆಲಸಕ್ಕೆ ಅಂತ ಹೊಸ್ತಿಲು ದಾಟಿದ್ದು ಅದೇ ಮೊದಲು.

ಅಷ್ಟರಲ್ಲಿ ಮಳೆ ಬಂದು ಬಾವಿಗಳು ತುಂಬಿದ್ದವು. ಹೊಸ ಬಟ್ಟೆಗೆ ಒಂದಲ್ಲ, ಮೂರು ಸಲ ನೀರು ಕುಡಿಸಿದೆ. ಯಾರಿಗೆ ಬೇಕಾಗಿತ್ತು ಆಗ.

ಹೊಸಕೋಟೆಯ ಅವರ ಮನೆ ಮುಂದೆ ದೊಡ್ಡ ಕಣ. ಒಂದು ಮೂಲೆಯಲ್ಲಿ ಜೀಪು ಬೋಳು ಕಮಾನು ಹೊತ್ತು ನಿಂತಿತ್ತು. ಜಗಲಿಯ ಮಂಚದಲ್ಲಿ ಪಾರ್ವತಮ್ಮ. ದಿಂಬಿಗೂ ಅವಳಿಗೂ ಬಣ್ಣದಲ್ಲಿ ವ್ಯತ್ಯಾಸವಿರಲಿಲ್ಲ. ಕಣ್ಣು ಮಾತ್ರ ಜಗಳಗಂಟಿಯದು.

"ಏಮಮ್ಮಾ, ಗಾಡಿ ಹೊಲ್ದೋಳು ನೀನೇನಾ? ನಾನ್ಯಾರೋ ಮೀಸೆ ಇರೋ ಸಾಬ್ರು ಅಂತಿದ್ದೆ" ಅಂದಳು.

ನಾನು ಹತ್ತು ಮೊಳ ದೂರದಲ್ಲೇ ನೆಲಕ್ಕೆ ಕೂತೆ. ಹೇಳಲೇಬೇಕಾದ್ದನ್ನು ತಡಮಾಡಿದರೆ ಹೇಳುವುದಿಲ್ಲ ಅಂತ ಗೊತ್ತಿತ್ತು. "ಕಮಾನಿನ ತಪ್ಪಲ್ಲ ಅಮ್ಮ. ಬಟ್ಟೆ ನೆನೆಸದೆ ಹೊಲಿದೆ. ನೆನೆಸಿದೆ ಅಂತ ಸುಳ್ಳು ಹೇಳಿದೆ. ನೀವು ನೆನೆದದ್ದು ನನ್ನಿಂದ."

ಅವಳು ಕೆಮ್ಮಿ ಮುಗಿಸಿದಳು. "ಯಾಕೆ ನೆನೆಸ್ನಿಲ್ಲ?"

"ನೀರಿರಲಿಲ್ಲ."

"ಎಷ್ಟು ಬೇಕಿತ್ತು?"

"ಇಪ್ಪತ್ತು ಕೊಡ."

"ಇಪ್ಪತ್ತು ಕೊಡ! ನಮ್ಮೂರಾಗೆ ಬಟ್ಟೆಗೆ ಇಪ್ಪತ್ತು ಕೊಡ ನೀರು ಕುಡಿಸ್ದೋಳ್ನ ಊರು ಬುಡಿಸ್ತಾರೆ ಕಣಮ್ಮ." ನಕ್ಕಳು, ನಗುವೂ ಕೆಮ್ಮಾಯಿತು. ನನ್ನೆದೆ ಹಗುರವಾಗುತ್ತಿತ್ತು. ಆಗ ಅವಳು ಸೀದಾ ನನ್ನನ್ನೇ ನೋಡಿ ಅಂದಳು: "ಆದ್ರೆ ನನ್ ರತ್ನ ಅವತ್ತು ಬೋ ಅತ್ಬುಟ್ಳು. ಮಗ್ಗಿ ಏಳಕ್ಕೇ ನಿಂತೋಯ್ತು ಅಂತ. ಅದನ್ನ ನೀನು ಮರೀಬ್ಯಾಡ, ಆಯ್ತಾ?"

"ಮರೆಯಲ್ಲ" ಅಂದೆ. ಮರೆತಿಲ್ಲ.

ನಾನು ಎರಡು ದಿನ ಅಲ್ಲೇ ಕೂತು, ಮನೆಯಲ್ಲಿ ಅರ್ಧ ಹೊಲಿದು ತಂದಿದ್ದ ಹುಡ್ಡನ್ನು ಪೂರ್ತಿ ಮಾಡಿದೆ. ಅವಳು ಮಲಗಿಕೊಂಡೇ, "ಕಿಟ್ಕಿ ಇನ್ನೂ ಒಂದು ಗೇಣು ಅಗಲ ಮಾಡು", "ಅಂಗಲ್ಲ, ಕೆಳೀಕೆ", ಅಂತ ಮೇಸ್ತ್ರಿಕೆ ಮಾಡಿದಳು. ಮುಗಿದ ಮೇಲೆ ನಂಜುಂಡಪ್ಪನವರು ಹೆಂಡತಿಗೆ, "ಇನ್ನು ಒಂದು ವಾರ ಬುಟ್ಟು ಬೆಟ್ಟಕ್ಕೋಗಣ" ಅಂದರು. ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳನ್ನು ಮಂಚದಿಂದ ಎತ್ತಿದರೆ ಉಸಿರು ನಿಲ್ಲುತ್ತಿತ್ತು.

"ಯಾವ ಬೆಟ್ಟ? ಇನ್ನು ನನ್ ಕೈಲಾಗಕಿಲ್ಲ. ಗಾಡೀನ ಇಲ್ಲೇ ತಂದು ನಿಲ್ಸಿ. ಮಕ್ಳು ಒಳಗೆ ಕುಂತ್ಕಳ್ಲಿ. ಮಳೆ ಬಂದ್ರೆ ಅವ್ರಾದ್ರೂ ನೆನೆಯಕಿಲ್ಲ" ಅಂದಳು.

ನಾನು ದಾರದಲ್ಲಿ ಹತ್ತು ಮೊಳ ಅಳೆದು ಕಣದ ಮಣ್ಣಿನಲ್ಲಿ ಗೆರೆ ಎಳೆದೆ. ಗಾಡಿಯನ್ನು ತಳ್ಳಿ ಅಲ್ಲಿ ನಿಲ್ಲಿಸಿದರು. ಮಲಗಿದವಳು ಮಕ್ಕಳನ್ನು ನೋಡಲೆಂದು ಮಾಡಿದ ಕಿಟಕಿಯಿಂದ ಈಗ ಮಕ್ಕಳು ತಾಯಿಯನ್ನು ನೋಡಿದರು. ಚಿಕ್ಕವಳು ಗಿರಿಜ ಚಕ್ರ ಹಿಡಿದು ಬಾಯಲ್ಲೇ ಇಂಜಿನ್ನು ಮಾಡುತ್ತ, "ಪಾವಗಡ ಬಂತು! ಮಧುಗಿರಿ ಬಂತು! ಯಾರ್ ಇಳಿಯೋರು?" ಅಂತ ಕೂಗುತ್ತಿದ್ದಳು.

"ಕಂಡಕ್ಟ್ರಮ್ಮಾ, ಬೆಟ್ಟ ಬಂದ್ರೆ ಯೋಳು, ನಿದ್ದೆ ಬಂದ್ಬುಡ್ತದೆ" ಅಂದಳು ತಾಯಿ ಮಂಚದಿಂದ.

ರತ್ನ ಬಲೆಗೆ ಮೂಗು ಒತ್ತಿಕೊಂಡು ಶುರು ಮಾಡಿದಳು. ಒಂದರಿಂದ ಅಲ್ಲ. "ಹನ್ನೆರಡೆಂಟ್ಲಿ ತೊಂಬತ್ತಾರು. ಹನ್ನೆರಡೊಂಬತ್ಲಿ ನೂರೆಂಟು. ಹನ್ನೆರಡತ್ಲಿ ನೂರಿಪ್ಪತ್ತು."

ನಾನು ಅಲ್ಲಿ ನಿಲ್ಲಲಾರದೆ ಬಸ್ಸು ಹತ್ತಿದೆ.

ಆ ಗಾಡಿ ಹಾಗೆ ನಿಂತದ್ದು ಹತ್ತೊಂಬತ್ತು ದಿನ. ಮಕ್ಕಳು ಅದರಲ್ಲೇ ಉಂಡು ಅದರಲ್ಲೇ ಮಲಗಿದರಂತೆ. ಇಪ್ಪತ್ತನೇ ದಿನದ ಸುದ್ದಿಯನ್ನು ಸಿದ್ದಪ್ಪ ತಂದ. ಸತ್ತ ಹೆಂಗಸಿನ ಕಾಯಿಲೆ ಕ್ಷಯ, ನಿನ್ನ ಹುಡ್ಡಲ್ಲ, ಅಂತ ಎಲ್ಲರೂ ಹೇಳಿದರು. ಇರಬಹುದು. ಆದರೆ ಎಂಟು ದಿನ ಬೆಟ್ಟದ ಗಾಳಿ, ಎದುರಿಗೆ ಮಕ್ಕಳು, ಇಷ್ಟು ಅವಳಿಗೆ ಸಿಗಬೇಕಿತ್ತು, ನಾನು ಕಸಿದುಕೊಂಡೆ. ಎಷ್ಟೋ ವರ್ಷ ಆದಮೇಲೆ, ಅರವತ್ತರ ದಶಕದಲ್ಲಿ, ಮಧುಗಿರಿ ರಸ್ತೆಯಲ್ಲಿ ಅದೇ ಜೀಪು ಕಡಲೆಕಾಯಿ ಮೂಟೆ ಹೊತ್ತು ಹೋಗುವುದನ್ನು ನೋಡಿದೆ. ಹುಡ್ಡು ಗಟ್ಟಿಯಾಗಿತ್ತು, ಒಂದು ಹೊಲಿಗೆ ಬಿಟ್ಟಿರಲಿಲ್ಲ. ಕಿಟಕಿಯ ಬಲೆ ತುಂಬ ಧೂಳು ಕಟ್ಟಿ ಒಳಗೆ ಏನೂ ಕಾಣುತ್ತಿರಲಿಲ್ಲ.

ಆಮೇಲೆ ರೆಕ್ಸಿನ್ನು ಬಂತು, ಸ್ಪಂಜು ಬಂತು, ಯಂತ್ರ ಬಂತು. ಕತ್ತಾಳೆ ನಾರು ಹೋಯಿತು, ಉಗುರಿನ ರಕ್ತ ನಿಂತಿತು. ನಾನು ಮೂವತ್ತು ವರ್ಷ ಹೊಲಿದೆ. ಒಂದು ತುಂಡು ಬಟ್ಟೆಯನ್ನೂ ನೀರು ಕುಡಿಸದೆ ಕತ್ತರಿಸಲಿಲ್ಲ. ನೀರಿಲ್ಲ ಅಂದರೆ ಕೆಲಸ ವಾಪಸ್ಸು ಕಳಿಸುತ್ತಿದ್ದೆ. ಸೊಕ್ಕು ಅಂದರು ಜನ. ಅಬ್ಬಾ ಸಾಯುವ ತನಕ ನನ್ನ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದರು. ನೀರು ಕುಡಿಸಿದೆಯಾ ಅಂತ ಮಾತ್ರ ಮತ್ತೆ ಕೇಳಲಿಲ್ಲ. ಆ ಪ್ರಶ್ನೆಗಾಗಿ ನಾನು ಎಷ್ಟು ಕಾದೆ ಅಂತ ಅವರಿಗೆ ತಿಳಿಯಿತೋ ಇಲ್ಲವೋ.

ನಿನ್ನೆ ಸಂಜೆ ಇಲ್ಲಿಯವರೆಗೆ ಬರೆದು ಪುಸ್ತಕವನ್ನು ರುಖ್ಸಾನಳಿಗೆ ಕೊಟ್ಟೆ. ಈ ಬೆಳಿಗ್ಗೆ ಬೋರ್ಡು ಓದಲು ಹೋದರೆ, ಶೆಡ್ಡಿನ ಹಿಂದೆ ಉದ್ದಕ್ಕೂ ಹಗ್ಗ ಕಟ್ಟಿ, ಆ ಹೊಸ ಗುಡಾರದ ಬಟ್ಟೆ ನೇತುಹಾಕಿದ್ದಾಳೆ. ಕೆಳಗೆಲ್ಲ ನೀರು. ಅವಳ ಜೊತೆಯ ಹುಡುಗಿಯರು ಲಂಗ ಎತ್ತಿ ಕಟ್ಟಿಕೊಂಡು ನಿಂತಿದ್ದಾರೆ.

"ಅರೇ ಹುಚ್ಚಿ, ಈಗಿನ ಬಟ್ಟೆ ಕುಗ್ಗಲ್ಲ ಅಂತ ನೀನೇ ಹೇಳಿದ್ದೆಯಲ್ಲ? ಪ್ಲಾಸ್ಟಿಕ್ಕಿನ ನೂಲು ಅಂತ?"

"ಕುಗ್ಗಲ್ಲ ದಾದಿ."

"ಮತ್ತೆ?"

"ಇಪ್ಪತ್ತು ಕೊಡ. ಎಣಿಸಿ ಹಾಕಿದ್ವಿ. ನೀನೊಂದು ಸಲ ಕೈಯಿಟ್ಟು ನೋಡು" ಅಂದಳು.

ನಾನು ಹೋಗಿ ಒದ್ದೆ ಬಟ್ಟೆಯ ಮೇಲೆ ಅಂಗೈ ಇಟ್ಟೆ, ಅಬ್ಬಾ ಇಡುತ್ತಿದ್ದ ಹಾಗೆ. ಆಮೇಲೆ ಅವರು ಮತ್ತೆಂದೂ ಕೇಳದ್ದನ್ನು ನಾನು ಕೇಳಿದೆ.

"ನೀರು ಕುಡಿಸಿದೆ ತಾನೆ ಬೇಟಿ?"

"ಕುಡಿಸಿದೆ" ಅಂದಳು ನನ್ನ ಮೊಮ್ಮಗಳು.